ಮನೆಯಲ್ಲೇ ಕೂತು ಮಾಡಿದ ಸಾಧನೆ

ಸಂತ ಇಗ್ನೇಷಿಯಸ್ ಲೊಯೋಲರು ಬರೆದ ‘ಆಧ್ಯಾತ್ಮಿಕ ಸಾಧನೆಗಳು’ ಅನ್ನುವ ಪ್ರಾರ್ಥನೆ, ಧ್ಯಾನಗಳ ಪುಸ್ತಕ ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗುವುದು ಧ್ಯಾನಕೇಂದ್ರದ ಮೌನ. ಮೂವತ್ತು ದಿನ ಮಾತಿಲ್ಲ, ಫೋನಿಲ್ಲ, ದಿನಕ್ಕೆ ನಾಲ್ಕೈದು ಗಂಟೆ ಪ್ರಾರ್ಥನೆ. ಇಗ್ನೇಷಿಯಸರು ಕಟ್ಟಿದ ಸನ್ಯಾಸಿ ಸಭೆಯವರಾದ ಜೆಸ್ವಿಟ್ ಗುರುಗಳು ಜೀವನದಲ್ಲಿ ಎರಡು ಸಲ ಹೀಗೆ ಮಾಡುತ್ತಾರೆ. ಸಭೆಗೆ ಸೇರಿದ ಹೊಸತರಲ್ಲಿ ಒಮ್ಮೆ, ತರಬೇತಿಯ ಕೊನೆಯಲ್ಲಿ ಇನ್ನೊಮ್ಮೆ. ನಮ್ಮಂಥ ಸಂಸಾರಸ್ಥರಿಗೆ ಮೂವತ್ತು ದಿನ ರಜೆ ಕೊಡುವವರು ಯಾರು? ಆದರೆ ಆ ಪುಸ್ತಕದ ಶುರುವಿನಲ್ಲೇ ಇಪ್ಪತ್ತು ಟಿಪ್ಪಣಿಗಳಿವೆ. ಅದರಲ್ಲಿ 19ನೆಯದು ನಮ್ಮಂಥವರಿಗಾಗಿಯೇ ಇದೆ. ಕೆಲಸ ಬಿಟ್ಟು ಬರಲಾಗದವರು ದಿನಕ್ಕೆ ಒಂದೂವರೆ ಗಂಟೆ ತೆಗೆದಿಟ್ಟು, ಮನೆಯಲ್ಲಿದ್ದುಕೊಂಡೇ ಇದನ್ನು ಮಾಡಬಹುದು. ಹಾಗೆ ಮಾಡಿದರೆ ಮೂವತ್ತು ದಿನದ್ದು ತಿಂಗಳುಗಟ್ಟಲೆ ಹಿಡಿಯುತ್ತದೆ. ನಾನು ಮಾಡಿದ್ದು ಅದನ್ನೇ. ಮಳೆಗಾಲ ಮುಗಿಯುವಾಗ ಶುರು ಮಾಡಿದ್ದು, ಪಾಸ್ಖ (ಈಸ್ಟರ್) ಹಬ್ಬ ಕಳೆದ ಮೇಲೆ ಮುಗಿಯಿತು.

ಯಾಕೆ ಮಾಡಿದೆ ಅಂತ ಕೇಳಿದರೆ ದೊಡ್ಡ ಕಾರಣವೇನೂ ಇಲ್ಲ. ನಾನು ಹುಟ್ಟು ಕಥೋಲಿಕ. ತನ್ನನ್ನು ತಾನೇ ತ್ಯಜಿಸಿ, ಶಿಲುಬೆ ಹೊತ್ತು ನನ್ನ ಹಿಂದೆ ಬನ್ನಿ ಅನ್ನುವ ಯೇಸುಸ್ವಾಮಿಯ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ತಗ್ಗಿ ನಡೆಯಿರಿ, ಎಲ್ಲವನ್ನೂ ದೇವರಿಗೆ ಒಪ್ಪಿಸಿಬಿಡಿ ಅಂತ ಪ್ರಬೋಧನೆಯಲ್ಲಿ ಹೇಳುತ್ತಲೇ ಇರುತ್ತಾರೆ. ಹೇಗೆ ಅಂತ ಯಾರೂ ಹೇಳುವುದಿಲ್ಲ. ಒಪ್ಪಿಸಿಬಿಡು ಅಂದರೆ ಬೆಳಗ್ಗೆ ಎದ್ದು ಏನು ಮಾಡಬೇಕು? ನಾನು ಲೆಕ್ಕಪತ್ರದ ಕೆಲಸದವನು. ಯಾವುದಕ್ಕಾದರೂ ಒಂದು ಕ್ರಮ ಇದೆ ಅಂದರೆ ನನಗೆ ಧೈರ್ಯ ಬರುತ್ತದೆ.

ಇದನ್ನು ಪುಸ್ತಕ ಓದಿಕೊಂಡು ಒಬ್ಬರೇ ಮಾಡುವಂತಿಲ್ಲ, ಮಾಡಿಸುವವರೊಬ್ಬರು ಬೇಕು. ಬೆಂಗಳೂರಿನಲ್ಲೇ ವಯಸ್ಸಾದ ಜೆಸ್ವಿಟ್ ಗುರುಗಳೊಬ್ಬರು ಒಪ್ಪಿಕೊಂಡರು. ವಾರಕ್ಕೊಮ್ಮೆ ಆಫೀಸು ಮುಗಿಸಿ ಅವರ ಹತ್ತಿರ ಹೋಗುವುದು ಅಂತಾಯಿತು. ಮೊದಲ ದಿನ ಕೇಳಿದರು, “ನಿಮಗೆ ಏನು ಬೇಕು?” ನಾನು ದೀನತೆ ಬೇಕು ಫಾದರ್ ಅಂದೆ. ಅವರು ನಕ್ಕುಬಿಟ್ಟರು. “ಅದನ್ನ ಕೇಳೋವಾಗ ಸ್ವಲ್ಪ ಹುಷಾರಾಗಿರಿ. ದೇವರು ಕೊಟ್ಟುಬಿಟ್ಟರೆ ಕಷ್ಟ.”

ಆಮೇಲೆ ಇಗ್ನೇಷಿಯಸರ ಕಥೆ ಹೇಳಿದರು. ನನಗೆ ಗೊತ್ತಿದ್ದದ್ದು ಪಟದಲ್ಲಿರುವ ಬೋಳುತಲೆಯ ಸಂತ. ಅವರು ಹೇಳಿದ್ದು ಬೇರೆ ಮನುಷ್ಯನ ಕಥೆ. 1521ರಲ್ಲಿ ಪ್ಯಾಂಪ್ಲೋನ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಒಂದು ತುಂಡು ಮೊಣಕಾಲ ಕೆಳಗೆ ಉಬ್ಬಿಕೊಂಡೇ ಉಳಿಯಿತು. ಚೆಂದದ ಬೂಟು ಹಾಕಿಕೊಂಡರೆ ಅದು ಕಾಣುತ್ತದಲ್ಲ! ಅದಕ್ಕೇ ಆ ಮೂಳೆಯನ್ನು ಗರಗಸದಲ್ಲಿ ಕೊಯ್ಯಿಸಿಕೊಂಡ. ಆಗ ಅರಿವಳಿಕೆ ಅನ್ನುವುದೇ ಇರಲಿಲ್ಲ. ಮಲಗಿದ್ದಾಗ ಓದಲು ವೀರಯೋಧರ ಕಥೆ ಕೇಳಿದ. ಮನೆಯಲ್ಲಿ ಅದಿರಲಿಲ್ಲ, ಸಿಕ್ಕಿದ್ದು ಕ್ರಿಸ್ತನ ಚರಿತ್ರೆ, ಸಂತರ ಚರಿತ್ರೆ. ಮುಂದೆ ಜೆರುಸಲೇಮಿಗೆ ಹೋಗಿ ಅಲ್ಲೇ ಇದ್ದುಬಿಡಬೇಕು ಅಂತ ಹಟ ಹಿಡಿದ. 1523ರಲ್ಲಿ ಹೋದ ಕೂಡ. ಅಲ್ಲಿದ್ದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಇರಬೇಡ, ಹೊರಡು ಅಂತ ವಾಪಸ್ ಕಳಿಸಿದರು. ಊರಿಗೆ ಬಂದು, ಮೂವತ್ತು ದಾಟಿದ ಮೇಲೆ, ಬಾರ್ಸಿಲೋನದಲ್ಲಿ ಹುಡುಗರ ಜೊತೆ ಕೂತು ಲ್ಯಾಟಿನ್ ವ್ಯಾಕರಣ ಕಲಿತ. ಫಾದರ್ ಅಂದರು, “ಮೂಳೆ ಕೊಯ್ಯಿಸಿಕೊಂಡದ್ದು ಧೈರ್ಯ. ಹುಡುಗರ ಜೊತೆ ಬೆಂಚಿನ ಮೇಲೆ ಕೂತದ್ದು ದೀನತೆ. ಎರಡಕ್ಕೂ ವ್ಯತ್ಯಾಸ ನೋಡ್ತಾ ಇರಿ.”

ಇನ್ನು ದಿನಚರಿ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಏಳುವುದು. ಪ್ರಾರ್ಥನೆಯ ಜಾಗಕ್ಕೆ ಒಂದೆರಡು ಹೆಜ್ಜೆ ಇರುವಾಗಲೇ ನಿಲ್ಲಬೇಕು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳುವಷ್ಟು ಹೊತ್ತು ಸುಮ್ನೆ ನಿಂತು, ದೇವರು ನನ್ನನ್ನು ನೋಡುತ್ತಿದ್ದಾರೆ ಅಂತ ನೆನೆಯಬೇಕು. ಆಮೇಲೆ ಕೂರಬಹುದು, ಮೊಣಕಾಲೂರಬಹುದು, ಅಂಗಾತ ಮಲಗಲೂಬಹುದು. ಯಾವುದರಲ್ಲಿ ಮನಸ್ಸು ನಿಲ್ಲುತ್ತದೋ ಅದರಲ್ಲೇ ಇರಬೇಕು, ಬದಲಿಸಬಾರದು. ಇಷ್ಟು ಸಣ್ಣ ವಿವರವನ್ನೂ ಬರೆದಿಟ್ಟ ಸಂತ ಇನ್ನೊಬ್ಬರಿದ್ದಾರೋ ಇಲ್ಲವೋ! ನಂತರ ಬೈಬಲಿನಲ್ಲಿ ಯೇಸುವಿನ ಚರಿತ್ರೆ ಇರುವ ಶುಭಸಂದೇಶದ ಒಂದು ಭಾಗ ಓದಿ, ಆ ಜಾಗ ಕಣ್ಣಿಗೆ ತಂದುಕೊಳ್ಳಬೇಕು. ರಸ್ತೆ ಹೇಗಿದೆ, ಎಷ್ಟು ಜನ, ಯಾರು ಏನು ಮಾತಾಡುತ್ತಿದ್ದಾರೆ. ಇವತ್ತು ನನಗೆ ಬೇಕಾದ್ದು ಏನು ಅಂತ ಬಾಯಿಬಿಟ್ಟು ಕೇಳಬೇಕು. ಕೊನೆಗೆ ಯೇಸುವಿನ ಜೊತೆ ಗೆಳೆಯನ ಹತ್ತಿರ ಮಾತಾಡುವ ಹಾಗೆ ಮಾತಾಡಬೇಕು. ಎದ್ದ ಮೇಲೆ ಕಾಲು ಗಂಟೆ, ಹೇಗಾಯಿತು ಅಂತ ಬರೆದಿಡಬೇಕು.

ಕೇಳಲು ಚೆನ್ನಾಗಿದೆ, ಅಲ್ವಾ? ಮೊದಮೊದಲು ನನಗಾದದ್ದು ನಿದ್ದೆ. ನಿದ್ದೆ ಬಿಟ್ಟರೆ ಹಾಲಿನ ಪ್ಯಾಕೆಟ್ಟು, ನೀರಿನ ಮೋಟರು, ಕಚೇರಿಯ ತಾಳೆಯಾಗದ ಲೆಕ್ಕ. ಬೇಜಾರಾಗಿ ಐವತ್ತು ನಿಮಿಷಕ್ಕೇ ಎದ್ದುಬಿಡೋಣ ಅನ್ನಿಸುತ್ತಿತ್ತು. ಅದಕ್ಕೂ ಇಗ್ನೇಷಿಯಸರ ಬಳಿ ಟಿಪ್ಪಣಿ ಇದೆ. ಒಣಗಿದ ದಿನ ಗಂಟೆಯನ್ನು ಕಡಿಮೆ ಮಾಡಬೇಡ, ಸ್ವಲ್ಪ ಜಾಸ್ತಿಯೇ ಕೂರು ಅನ್ನುತ್ತಾರೆ. ಮನಸ್ಸು ಕುಗ್ಗಿದಾಗ ಮೊದಲು ಮಾಡಿದ ನಿರ್ಧಾರ ಬದಲಿಸಬೇಡ ಅನ್ನುವುದು ಇನ್ನೊಂದು ನಿಯಮ. ಇದೊಂದನ್ನು ನಾನು ಆಫೀಸಿಗೂ ಒಯ್ದಿದ್ದೇನೆ. ರಾಜೀನಾಮೆ ಪತ್ರ ಬರೆಯಬೇಕು ಅನ್ನಿಸುವ ದಿನಗಳಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಶುರುವಿನ ಪಾಠಕ್ಕೆ ‘ತತ್ವ ಮತ್ತು ತಳಹದಿ’ ಅನ್ನುತ್ತಾರೆ. ಒಂದೇ ಪುಟದ್ದು. ದೇವರ ಸೇವೆಗಾಗಿ ಮನುಷ್ಯ ಇದ್ದಾನೆ, ಮಿಕ್ಕದ್ದೆಲ್ಲ ಅದಕ್ಕೆ ಸಹಾಯವಾಗುವಷ್ಟು ಮಟ್ಟಿಗೆ ಬೇಕು, ಅಡ್ಡ ಬರುವಷ್ಟು ಮಟ್ಟಿಗೆ ಬೇಡ. ಹಾಗಾಗಿ ಕಾಯಿಲೆಗಿಂತ ಆರೋಗ್ಯವೇ ಬೇಕು, ಬಡತನಕ್ಕಿಂತ ಸಿರಿಯೇ ಬೇಕು, ಅವಮಾನಕ್ಕಿಂತ ಗೌರವವೇ ಬೇಕು, ಅಲ್ಪಾಯುಷ್ಯಕ್ಕಿಂತ ದೀರ್ಘಾಯುಷ್ಯವೇ ಬೇಕು ಅಂತ ಮೊದಲೇ ಪಟ್ಟು ಹಿಡಿದು ಕೂರಬಾರದು. ಇದನ್ನು ಓದಿ ತಲೆಯಾಡಿಸುವುದು ಸುಲಭ. ಫಾದರ್ ಬಿಡಲಿಲ್ಲ. “ಇದು ಮಾತ್ರ ಹೋಗಬಾರದು ಅಂತ ನಿಮಗೆ ಯಾವುದಿದೆ? ಪಟ್ಟಿ ಮಾಡಿ ತನ್ನಿ” ಅಂದರು.

ಹೆಂಡತಿ, ಮಕ್ಕಳು, ಅಮ್ಮ, ಕೆಲಸ. ಇವೆಲ್ಲ ಬರೆಯುವುದೇ ಅಂತ ಮೊದಲೇ ಗೊತ್ತಿತ್ತು. ಕೊನೆಗೆ ಕೈ ತಾನೇ ಬರೆದದ್ದು ‘ಹಾರ್ಮೋನಿಯಂ’.

ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿನ, ಗಾಯನವೃಂದವನ್ನು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದವನು ನಾನು. ಭಾನುವಾರದ ಪೂಜೆಗೆ ಯಾವ ಪ್ರವೇಶಗೀತೆ, ಕಾಣಿಕೆಗೆ ಯಾವುದು, ಶ್ರುತಿ ಎಲ್ಲಿ ಇಡಬೇಕು, ಹಬ್ಬಕ್ಕೆ ಯಾರು ಒಬ್ಬರೇ ಹಾಡಬೇಕು, ಎಲ್ಲ ನನ್ನ ಮಾತೇ. ಸಂಬಳವಿಲ್ಲ, ಸಭೆಯಲ್ಲಿ ಕುರ್ಚಿಯಿಲ್ಲ. ಆದರೂ ಜನ ದಾರಿಯಲ್ಲಿ ನಿಲ್ಲಿಸಿ “ಇವತ್ತು ಹಾಡು ಚೆನ್ನಾಗಿತ್ತು” ಅನ್ನುವಾಗ ಸಿಗುವುದು ಏನು ಅಂತ ಹಾರ್ಮೋನಿಯಂ ಮುಂದೆ ಕೂತವರಿಗೇ ಗೊತ್ತು. ಒಂದೆರಡು ವರ್ಷದಿಂದ ಒಬ್ಬಳು ಹುಡುಗಿ ಕೀಬೋರ್ಡ್ ತೆಗೆದುಕೊಂಡು ಬರುತ್ತಿದ್ದಳು. ಚೆನ್ನಾಗಿ ಕಲಿತವಳು, ಸ್ವರಲಿಪಿ ಓದಬಲ್ಲವಳು. ಅವಳನ್ನು ಬದಿಯಲ್ಲಿ ಕೂರಿಸಿಕೊಂಡಿದ್ದೆವು.

ಮೊದಲ ‘ವಾರ’ ಪಾಪಗಳ ಧ್ಯಾನ. ವಾರ ಅಂದರೆ ಏಳು ದಿನ ಅಲ್ಲ, ಒಂದು ಹಂತ ಅಷ್ಟೇ. ಅದು ನನ್ನ ಮತ್ತು ಪಾಪನಿವೇದನೆ ಕೇಳಿದ ಗುರುಗಳ ನಡುವಿನದು, ಇಲ್ಲಿ ಬರೆಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ದೀನತೆ ಅಂದರೆ ನಾನು ಕೆಲಸಕ್ಕೆ ಬಾರದವನು ಅಂತ ತನ್ನನ್ನು ತಾನೇ ಹಳಿದುಕೊಳ್ಳುವುದು ಅಂದುಕೊಂಡು ಅಲ್ಲಿಗೆ ಬಂದವರನ್ನು ಫಾದರ್ ಬೇಗ ನಿಲ್ಲಿಸುತ್ತಾರೆ. ಹಾಗೆ ಹಳಿದುಕೊಳ್ಳುವುದೂ ದಿನವಿಡೀ ತನ್ನ ಬಗ್ಗೆಯೇ ಯೋಚಿಸುವ ಒಂದು ಉಪಾಯ ಅಂತ ಅವರ ಅಭಿಪ್ರಾಯ.

ಎರಡನೇ ಹಂತದಲ್ಲಿ ಯೇಸುವಿನ ಜೀವನ ಬರುತ್ತದೆ. ನನಗೆ ಜಾಸ್ತಿ ಸಿಕ್ಕಿದ್ದು ಇಲ್ಲೇ. ಮಾರ್ಕನ ಶುಭಸಂದೇಶದ ಹತ್ತನೇ ಅಧ್ಯಾಯವನ್ನು ಎಷ್ಟೋ ಸಲ ಕೇಳಿದ್ದೇನೆ. ಯಕೋಬ, ಯೊವಾನ್ನ ಅಣ್ಣತಮ್ಮಂದಿರು ಬಂದು, ನಾವು ಕೇಳಿದ್ದು ಮಾಡಿಕೊಡಬೇಕು ಅನ್ನುತ್ತಾರೆ. ನನ್ನಿಂದ ಏನಾಗಬೇಕು ಅಂತ ಯೇಸು ಕೇಳುತ್ತಾರೆ. ನಿಮ್ಮ ಎಡಕ್ಕೊಬ್ಬರು, ಬಲಕ್ಕೊಬ್ಬರು ಕೂರಬೇಕು ಅನ್ನುವುದು ಅವರ ಉತ್ತರ. ಸ್ವಲ್ಪ ಮುಂದೆ, ಅದೇ ಅಧ್ಯಾಯದಲ್ಲಿ, ಜೆರಿಕೋ ದಾರಿಯ ಬದಿಯಲ್ಲಿ ಕುರುಡ ಭಿಕ್ಷುಕ ಬಾರ್ತಿಮಾಯ ಕೂಗುತ್ತಾನೆ. ಯೇಸು ಅವನನ್ನೂ ಅದನ್ನೇ ಕೇಳುತ್ತಾರೆ, ನನ್ನಿಂದ ಏನಾಗಬೇಕು? ಕಣ್ಣು ಬೇಕು ಅನ್ನುತ್ತಾನೆ. ಕಣ್ಣು ಬಂದ ಮೇಲೆ ಅವರ ಹಿಂದೆಯೇ ಹೊರಡುತ್ತಾನೆ. ಆ ದಾರಿ ಹೋಗುತ್ತಿದ್ದದ್ದು ಜೆರುಸಲೇಮಿಗೆ, ಶಿಲುಬೆಗೆ. ಪ್ರಶ್ನೆ ಒಂದೇ. ವರ್ಷಗಟ್ಟಲೆ ಜೊತೆಗೆ ನಡೆದ ಶಿಷ್ಯರು ಕುರ್ಚಿ ಕೇಳಿದರು, ಬೀದಿಯಲ್ಲಿ ಕೂತವನು ಕಣ್ಣು ಕೇಳಿದ. ಆ ಧ್ಯಾನದಲ್ಲಿ ನಾನು ದಾರಿಯ ಯಾವ ಬದಿಯಲ್ಲಿ ನಿಂತಿದ್ದೆ ಅಂತ ಫಾದರ್ ಕೇಳಿದರು. ಶಿಷ್ಯರ ಜೊತೆ ನಿಂತು, ಆ ಭಿಕ್ಷುಕನಿಗೆ ಸುಮ್ಮನಿರು ಅಂತ ಗದರುವವರ ಪಕ್ಕದಲ್ಲಿದ್ದೆ ಅಂದೆ. ಅವರು ಏನೂ ಹೇಳಲಿಲ್ಲ. ಇನ್ನೊಂದು ಸಲ ಅದನ್ನೇ ಮಾಡಿ ಬನ್ನಿ ಅಂದರು.

ಆಮೇಲೆ ಬರುವುದು ‘ಎರಡು ಧ್ವಜಗಳು’. ಸೈತಾನ ಮನುಷ್ಯನನ್ನು ಬೀಳಿಸುವ ಮೆಟ್ಟಿಲುಗಳನ್ನು ಇಗ್ನೇಷಿಯಸ್ ಹೇಳುತ್ತಾರೆ. ಮೊದಲು ಆಸ್ತಿಯ ಆಸೆ, ಅದರಿಂದ ಜನರ ಮನ್ನಣೆ, ಅದರಿಂದ ಅಹಂಕಾರ. ಕ್ರಿಸ್ತನದು ತಿರುಗುಮುರುಗು. ಬಡತನ, ಅವಮಾನ, ಕೊನೆಗೆ ದೀನತೆ. ಮೊದಲ ಮೆಟ್ಟಿಲು ಕೆಟ್ಟದ್ದಾಗಿ ಕಾಣಬೇಕಿಲ್ಲ ಅನ್ನುವುದು ಇದರ ಸೂಕ್ಷ್ಮ. ಆಸ್ತಿ ಅಂದರೆ ಸೈಟು, ಬಂಗಾರವೇ ಆಗಬೇಕಿಲ್ಲ. ದೇವರು ಕೊಟ್ಟ ಕಂಠವೂ ಆಗಬಹುದು.

ಹಿಂದೆಯೇ ಇನ್ನೊಂದು ಬರುತ್ತದೆ. ಮೂರು ಬಗೆಯ ಜನ, ಮೂವರ ಕೈಯಲ್ಲೂ ಹತ್ತು ಸಾವಿರ ಚಿನ್ನದ ನಾಣ್ಯ. ಕದ್ದದ್ದಲ್ಲ, ಆದರೆ ಪೂರ್ತಿ ದೇವರ ಪ್ರೀತಿಗಾಗಿ ಗಳಿಸಿದ್ದೂ ಅಲ್ಲ. ಮೂವರಿಗೂ ಅದರ ಮೋಹ ಬಿಡಬೇಕು ಅನ್ನಿಸುತ್ತದೆ. ಮೊದಲನೆಯವನು ಬಿಡುತ್ತೇನೆ, ಬಿಡುತ್ತೇನೆ ಅನ್ನುತ್ತಲೇ ಸಾಯುತ್ತಾನೆ. ಎರಡನೆಯವನು ಮೋಹ ಬಿಡುತ್ತೇನೆ, ಹಣ ಮಾತ್ರ ಇರಲಿ ಅನ್ನುತ್ತಾನೆ. ಅಂದರೆ ತಾನಿರುವಲ್ಲಿಗೆ ದೇವರೇ ಬರಲಿ ಅಂತ. ಮೂರನೆಯವನಿಗೆ ಇಟ್ಟುಕೊಳ್ಳುವುದೂ ಹಟವಲ್ಲ, ಕೊಡುವುದೂ ಹಟವಲ್ಲ. ಯಾವುದು ದೇವರ ಸೇವೆಗೆ ಒಳ್ಳೆಯದೋ ಅದಾಗಲಿ.

ಎರಡನೆಯವನನ್ನು ಓದುವಾಗ ನಗು ಬಂತು. ಆ ಹುಡುಗಿಗೆ ತಿಂಗಳಿಗೊಂದು ಭಾನುವಾರ ಕೊಡುವುದು, ಹಬ್ಬಗಳನ್ನು ನಾನಿಟ್ಟುಕೊಳ್ಳುವುದು ಅಂತ ಆಗಲೇ ಮನಸ್ಸಿನಲ್ಲಿ ಒಂದು ಒಪ್ಪಂದ ತಯಾರಾಗಿತ್ತು.

ಫಾದರ್ ಹತ್ತಿರ ಹೋಗಿ, ಗಾಯನವೃಂದ ಬಿಟ್ಟುಬಿಡಲೇ ಅಂತ ನೇರ ಕೇಳಿದೆ. ಅವರು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಮಾಡಿಸುವವನು ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು, ದೇವರು ಮತ್ತು ಆ ಮನುಷ್ಯನ ನಡುವೆ ತಾನು ಬಾಗಬಾರದು ಅಂತ 15ನೇ ಟಿಪ್ಪಣಿಯಲ್ಲಿದೆಯಂತೆ. ಆಗ ನನಗೆ ಸಿಟ್ಟು ಬಂತು. ಹೇಳಿಬಿಟ್ಟಿದ್ದರೆ ವಿಧೇಯತೆಯ ಪುಣ್ಯವಾದರೂ ಸಿಗುತ್ತಿತ್ತು. ಈಗ ಯೋಚಿಸಿದರೆ ಅವರು ಮಾಡಿದ್ದೇ ಸರಿ. ದೇವರ ಹೆಸರಿನಲ್ಲಿ ಇನ್ನೊಬ್ಬರ ಬದುಕಿನ ನಿರ್ಧಾರ ಮಾಡುವವರು ಎಲ್ಲ ಪಂಗಡಗಳಲ್ಲೂ ಇದ್ದಾರೆ. ಒಪ್ಪಿಸಿಬಿಡು ಅನ್ನುವ ಮಾತು ಅಂಥವರ ಬಾಯಲ್ಲಿ ಬಂದಾಗ, ಯಾರಿಗೆ ಒಪ್ಪಿಸಬೇಕು ಅಂತ ಒಮ್ಮೆ ಕೇಳುವುದು ಒಳ್ಳೆಯದು.

ಇಲ್ಲೇ ದೀನತೆಯ ಮೂರು ಬಗೆಗಳೂ ಬರುತ್ತವೆ. ಮೊದಲನೆಯದು, ಏನೇ ಆದರೂ ದೇವರ ಆಜ್ಞೆಯನ್ನು ದೊಡ್ಡದಾಗಿ ಮೀರದಿರುವುದು. ಎರಡನೆಯದು, ಮನ್ನಣೆ ಬರಲಿ ಬಿಡಲಿ, ಮನಸ್ಸು ಒಂದೇ ತೂಕದಲ್ಲಿರುವುದು. ಮೂರನೆಯದು ಕಷ್ಟದ್ದು. ಎರಡರಿಂದಲೂ ದೇವರಿಗೆ ಸಮನಾದ ಮಹಿಮೆ ಇದ್ದರೆ, ಕ್ರಿಸ್ತನಂತೆ ಇರುವುದಕ್ಕಾಗಿ ಅವಮಾನವನ್ನೇ ಆರಿಸಿಕೊಳ್ಳುವುದು. ನನಗೆ ಬೇಡ ಫಾದರ್, ಅಂಥ ಆಸೆ ನನಗಿಲ್ಲ ಅಂದೆ. ಸರಿ, ಹಾಗಾದರೆ ಅಂಥ ಆಸೆ ಬರಲಿ ಅನ್ನುವ ಆಸೆಯಾದರೂ ಇದೆಯಾ ಅಂತ ಕೇಳಿದರು. ತಮಾಷೆಯಲ್ಲ. ಸಭೆ ಸೇರಲು ಬರುವವರಿಗೆ ಇಗ್ನೇಷಿಯಸ್ ಇದನ್ನೇ ಕೇಳಿಸುತ್ತಿದ್ದರು. ಆಸೆ ಇಲ್ಲದಿದ್ದರೆ, ಆ ಆಸೆಯ ಆಸೆ ಇದ್ದರೂ ಸಾಕು. ಅಷ್ಟಕ್ಕೆ ನಾನು ತಲೆಯಾಡಿಸಿದೆ.

ಕೊನೆಗೆ ಪಾಸ್ಖಕ್ಕೆ ಮುಂಚೆ ಬರುವ ಉಪವಾಸದ ದಿನಗಳು, ಅಂದರೆ ತಪಸ್ಸು ಕಾಲ, ಶುರುವಾಗುವ ಮುಂಚೆ ನಮ್ಮ ಧರ್ಮಕೇಂದ್ರದ ಗುರುಗಳಿಗೆ ಹೇಳಿ, ಗಾಯನವೃಂದವನ್ನು ಆ ಹುಡುಗಿಗೆ ವಹಿಸಿದೆ. ಯಾವ ಬೆಳಕೂ ಬರಲಿಲ್ಲ, ಧ್ವನಿಯೂ ಕೇಳಲಿಲ್ಲ. ಇಟ್ಟುಕೊಂಡರೆ ಹೇಗಿರುತ್ತದೆ, ಕೊಟ್ಟರೆ ಹೇಗಿರುತ್ತದೆ ಅಂತ ಒಂದಷ್ಟು ದಿನ ಎರಡನ್ನೂ ಪ್ರಾರ್ಥನೆಯಲ್ಲಿ ಇಟ್ಟು ನೋಡಿದೆ. ಕೊಡುವುದನ್ನು ನೆನೆದಾಗ ಬೇಜಾರಿತ್ತು, ಆದರೆ ಒಳಗೆ ಗಲಾಟೆ ಇರಲಿಲ್ಲ. ಅದನ್ನು ಗಮನಿಸುವುದಕ್ಕೇ ಇಷ್ಟು ತಿಂಗಳ ಅಭ್ಯಾಸ ಬೇಕಾಯಿತು. ನಾನೀಗ ಹಿಂದಿನ ಸಾಲಿನಲ್ಲಿ ಗಂಡಸರ ಜೊತೆ ನಿಂತು ಹಾಡುತ್ತೇನೆ. ಹುಡುಗಿ ಶ್ರುತಿಯನ್ನು ಮೇಲೆ ಇಡುತ್ತಾಳೆ. ವಯಸ್ಸಾದವರಿಗೆ ಏರುವುದಿಲ್ಲ. ಒಂದು ಭಾನುವಾರ ತಾನಾಗಿಯೇ ಬಂದು, “ಅಂಕಲ್, ಜಾಸ್ತಿ ಮೇಲಾಯ್ತಾ?” ಅಂತ ಕೇಳಿದಳು. ಹೌದಮ್ಮ, ಸ್ವಲ್ಪ ಇಳಿಸು ಅಂದೆ. ಇಳಿಸಿದಳು. ಮುಂದಿನ ವಾರ ಮತ್ತೆ ಏರಿಸಿದಳು. ದೀನತೆಯ ಅಭ್ಯಾಸಕ್ಕೆ ನನಗೆ ಬೇರೆ ಧ್ಯಾನಕೇಂದ್ರ ಬೇಕಿಲ್ಲ.

ಮೂರನೇ ಹಂತ ಯೇಸುವಿನ ಯಾತನೆ. ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ ಪವಿತ್ರ ಗುರುವಾರ ಗುರುಗಳು ಹನ್ನೆರಡು ಜನರ ಪಾದ ತೊಳೆಯುವಾಗ ನಾನು ಪ್ರತಿ ವರ್ಷ ಹಾರ್ಮೋನಿಯಂ ಮುಂದೆ ಇರುತ್ತಿದ್ದೆ. ಈ ಸಲ ಕೈ ಖಾಲಿ. ಹನ್ನೆರಡು ಜನರಲ್ಲಿ ಒಬ್ಬರು ಬರಲಿಲ್ಲ ಅಂತ ನನ್ನನ್ನೇ ಕೂರಿಸಿದರು. 2016ರಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದ ಮೇಲೆ ಹೆಂಗಸರೂ ಕೂರುತ್ತಾರೆ. ನನ್ನ ಪಕ್ಕ ಹೂ ಮಾರುವ ಅಜ್ಜಿ ಇದ್ದರು. ಪಾದ ತೊಳೆಸಿಕೊಳ್ಳಲು ಬರುವವರೆಲ್ಲ ಮನೆಯಲ್ಲೇ ಚೆನ್ನಾಗಿ ತೊಳೆದುಕೊಂಡು ಬರುತ್ತೇವೆ, ಗಮನಿಸಿದ್ದೀರಾ? ನನಗೆ ಮೊದಲೇ ಗೊತ್ತಿರಲಿಲ್ಲವಲ್ಲ, ಇಡೀ ದಿನ ಬೂಟಿನಲ್ಲಿದ್ದ ಕಾಲು. ಕಾಲುಚೀಲ ತೆಗೆದಾಗ ವಾಸನೆ ನನಗೇ ಬಡಿಯಿತು. ಹೆಬ್ಬೆರಳಿನ ಉಗುರು ಕಪ್ಪಾಗಿದೆ ಅನ್ನುವುದೂ ಆಗಲೇ ಕಂಡದ್ದು. ಗುರುಗಳು ಮೊಣಕಾಲೂರಿ, ತಣ್ಣಗಿನ ನೀರು ಸುರಿದು, ಬೆರಳ ಸಂದಿಯನ್ನೂ ಬಿಡದೆ ಒರೆಸಿದರು. ಎಂದಿಗೂ ನನ್ನ ಕಾಲು ತೊಳೆಯಬಾರದು ಅಂತ ಶಿಷ್ಯ ಪೇತ್ರ ಯೇಸುವಿನ ಹತ್ತಿರ ಹಟ ಮಾಡಿದ್ದನ್ನು ನಾನು ಭಕ್ತಿ ಅಂತಲೇ ಓದುತ್ತಿದ್ದೆ. ಆ ಕುರ್ಚಿಯಲ್ಲಿ ಕೂತಾಗ ನಾಚಿಕೆ ಅಂತ ಅನ್ನಿಸಿತು. ಸೇವೆ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದು ಕಷ್ಟ. ಅಜ್ಜಿ ಮಾತ್ರ ಆರಾಮಾಗಿ ಕಾಲು ಚಾಚಿದ್ದರು.

ಕೊನೆಯ ಹಂತದಲ್ಲಿ ಪುನರುತ್ಥಾನ, ಅದಾದ ಮೇಲೆ ಒಂದು ಪ್ರಾರ್ಥನೆ. ಪ್ರಭುವೇ, ನನ್ನ ಸ್ವಾತಂತ್ರ್ಯವನ್ನೆಲ್ಲ ತೆಗೆದುಕೋ, ನನ್ನ ನೆನಪನ್ನು, ನನ್ನ ಬುದ್ಧಿಯನ್ನು, ನನ್ನ ಇಚ್ಛೆಯನ್ನೆಲ್ಲ ತೆಗೆದುಕೋ ಅಂತ ಅದು ಶುರುವಾಗುತ್ತದೆ. ಸಮರ್ಪಣೆಯ ಪ್ರಾರ್ಥನೆ ಅಂದರೆ ಇದೇ. ಸ್ವಾತಂತ್ರ್ಯ ಹೇಳಿದೆ. ನೆನಪು ಅನ್ನುವಲ್ಲಿ ನಾಲಿಗೆ ನಿಂತಿತು. ನಮ್ಮ ಅಮ್ಮನಿಗೆ ಮರೆವಿನ ಕಾಯಿಲೆ. ನನ್ನನ್ನು ತನ್ನ ತಮ್ಮನ ಹೆಸರಿನಿಂದ ಕರೆಯುತ್ತಾರೆ. ಊಟ ಮಾಡಿದ ಹತ್ತು ನಿಮಿಷಕ್ಕೆ ಊಟ ಕೊಟ್ಟಿಲ್ಲ ಅನ್ನುತ್ತಾರೆ. ನೆನಪು ತೆಗೆದುಕೊಂಡರೆ ಏನುಳಿಯುತ್ತದೆ ಅಂತ ದಿನಾ ನೋಡುತ್ತಿರುವ ನಾನು ಅದನ್ನು ಹೇಗೆ ಹೇಳಲಿ? ಫಾದರ್‌ಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಪದ ಬಿಟ್ಟು ಹೇಳಿ. ದೇವರಿಗೆ ಬೇಜಾರಿಲ್ಲ” ಅಂದರು.

ಆಮೇಲೆ ಪೆದ್ರೊ ಅರೂಪೆ ಅವರ ವಿಷಯ ಹೇಳಿದರು. 1965ರಿಂದ 1983ರವರೆಗೆ ಜೆಸ್ವಿಟ್ ಸಭೆಯ ಮಹಾಗುರು. 1945ರಲ್ಲಿ ಹಿರೋಷಿಮಾದ ಮೇಲೆ ಬಾಂಬ್ ಬಿದ್ದಾಗ ಅದೇ ಊರಿನ ಅಂಚಿನಲ್ಲಿದ್ದು, ಮೊದಲು ಓದಿದ್ದ ವೈದ್ಯವಿದ್ಯೆಯನ್ನು ಬಳಸಿ ಗಾಯಾಳುಗಳನ್ನು ನೋಡಿಕೊಂಡವರು. 1981ರಲ್ಲಿ ಪಾರ್ಶ್ವವಾಯು ಬಡಿದು ಮಾತು ಹೋಯಿತು. ಎರಡು ವರ್ಷದ ಮೇಲೆ ಅಧಿಕಾರ ಬಿಡುವಾಗ ಅವರ ಸಂದೇಶವನ್ನು ಬೇರೆಯವರು ಓದಬೇಕಾಯಿತು. ಚಿಕ್ಕಂದಿನಿಂದ ದೇವರ ಕೈಯಲ್ಲಿರಬೇಕು ಅಂತ ಬಯಸಿದ್ದೆ, ಈಗ ನಿಜವಾಗಿ ಅಲ್ಲಿದ್ದೇನೆ, ಇನ್ನು ಏನು ಮಾಡಿದರೂ ಪೂರ್ತಿ ದೇವರೇ ಮಾಡಬೇಕು ಅನ್ನುವುದು ಅದರ ಸಾರ. ಆ ಪ್ರಾರ್ಥನೆಯನ್ನು ಆರೋಗ್ಯವಿದ್ದಾಗ ಹೇಳಿದವರು ಲಕ್ಷಾಂತರ ಜನ. ಅದು ನಡೆದುಹೋದ ಮೇಲೂ ಹೇಳಿದವರು ಅವರು. ನಾನಿನ್ನೂ ಆ ಪದವನ್ನು ಬಿಟ್ಟೇ ಹೇಳುತ್ತೇನೆ. ಅಮ್ಮನಿಗೆ ಅನ್ನ ಕಲಸಿ ಕೊಡುವಾಗ ಒಂದೊಂದು ದಿನ ಬಾಯಿಗೆ ಬಂದುಬಿಡುತ್ತದೆ, ಒಂದೊಂದು ದಿನ ಇಲ್ಲ.

ಮಾಡಬೇಕು ಅನ್ನಿಸಿದವರಿಗೆ ಒಂದೆರಡು ಮಾತು. ಮಾಡಿಸುವವರು ಗುರುಗಳೇ ಆಗಬೇಕಿಲ್ಲ. ತರಬೇತಿ ಪಡೆದ ಸಿಸ್ಟರ್‌ಗಳಿದ್ದಾರೆ, ಸಂಸಾರಸ್ಥರೂ ಇದ್ದಾರೆ. ಜೆಸ್ವಿಟ್ ಧ್ಯಾನಕೇಂದ್ರಗಳಲ್ಲಿ ವಿಚಾರಿಸಿ. ಕಥೋಲಿಕರಲ್ಲದ ಕ್ರೈಸ್ತರೂ ಇದನ್ನು ಮಾಡುತ್ತಾರೆ. ಮನೆಯಲ್ಲಿ ಸಾವು, ಜಗಳ, ಪರೀಕ್ಷೆ ಏನಾದರೂ ನಡೆಯುತ್ತಿದ್ದರೆ ಸ್ವಲ್ಪ ಕಾಯಿರಿ. ಹೆಂಡತಿಗೋ ಗಂಡನಿಗೋ ಮೊದಲೇ ಹೇಳಿಬಿಡಿ, ಬೆಳಗಿನ ಆ ಗಂಟೆ ಅವರ ತಲೆಯ ಮೇಲೂ ಬೀಳುತ್ತದೆ.

ಅಷ್ಟೆಲ್ಲ ಆಗಲ್ಲ ಅನ್ನುವವರು ರಾತ್ರಿಯ ಆತ್ಮಶೋಧನೆಯಿಂದ ಶುರು ಮಾಡಬಹುದು. ಹತ್ತು ಹದಿನೈದು ನಿಮಿಷ ಸಾಕು. ಮೊದಲು ಇವತ್ತು ಸಿಕ್ಕಿದ್ದಕ್ಕೆ ಥ್ಯಾಂಕ್ಸ್ ಹೇಳಿ, ಇದನ್ನು ಹಾರಿಸಿ ನೇರ ತಪ್ಪಿಗೆ ಹೋಗಬೇಡಿ. ಆಮೇಲೆ ಸರಿಯಾಗಿ ಕಾಣುವ ಹಾಗೆ ಬೆಳಕು ಕೊಡು ಅಂತ ಕೇಳಿ, ಬೆಳಗ್ಗೆಯಿಂದ ಗಂಟೆಗಂಟೆಯಾಗಿ ದಿನವನ್ನು ನೋಡಿಕೊಂಡು ಬನ್ನಿ. ಕ್ಷಮೆ ಕೇಳುವುದಿದ್ದರೆ ಕೇಳಿ, ನಾಳೆಗೆ ಬೇಕಾದ್ದು ಬೇಡಿಕೊಳ್ಳಿ. ಹಾಸಿಗೆಯ ಮೇಲೆ ಮಾತ್ರ ಮಾಡಬೇಡಿ, ಮಧ್ಯಾಹ್ನಕ್ಕೆ ಬರುವ ಮುಂಚೆಯೇ ನಿದ್ದೆ ಹತ್ತಿರುತ್ತದೆ. ಕುರ್ಚಿ ಹಾಕಿಕೊಳ್ಳಿ.